ಒಂದೇ ಮೂಲೆಯೋ, ಚೆಲ್ಲಿದೆಯೋ: ನನ್ನ ಗಂಡ ಕೇಳಿದ ಪ್ರಶ್ನೆ, ನಿಮ್ಮ ಆಸ್ಪತ್ರೆ ನುಂಗಿದ ಉತ್ತರ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ಗಂಡನ ಶ್ವಾಸಕೋಶದಿಂದ ನೀವು ಕತ್ತರಿಸಿ ತೆಗೆದ ತುಂಡನ್ನು ನಿಮ್ಮದೇ ಪ್ರಯೋಗಾಲಯದವರು ಪರೀಕ್ಷೆ ಮಾಡಿ, ೨೦೨೨ರ ಆಗಸ್ಟ್ ತಿಂಗಳಲ್ಲಿ ಎರಡು ಪುಟದ ವರದಿ ಕೊಟ್ಟರು. ಎರಡನೇ ಪುಟದಲ್ಲಿ, ಕೆಳಗಿನಿಂದ ಮೂರನೇ ಸಾಲಿನಲ್ಲಿ, ಕ್ಯಾನ್ಸರ್ ಜೀವಕೋಶಗಳು ಗೆಡ್ಡೆಯ ಅಂಚನ್ನು ದಾಟಿ ಸುತ್ತಲಿನ ಗಾಳಿಚೀಲಗಳಲ್ಲಿ ಹರಡಿಕೊಂಡಿವೆ ಎಂದು ಬರೆದಿದೆ. ಆ ಸಾಲನ್ನು ನಿಮ್ಮ ಡಾಕ್ಟರು ನನ್ನ ಎದುರಿಗೇ ಓದಿದರು. ಓದಿ ನನಗೆ ಹೇಳಲಿಲ್ಲ. ಹದಿನೈದು ತಿಂಗಳಾದ ಮೇಲೆ ಕೋಲಾರದಲ್ಲಿ ಬೇರೊಬ್ಬ ಡಾಕ್ಟರು ಅದೇ ಕಾಗದವನ್ನು ಓದಿ ನನಗೆ ಅರ್ಥ ಮಾಡಿಸಿದರು. ಅಷ್ಟು ಹೊತ್ತಿಗೆ ಅರ್ಥವಾಗಿ ಆಗುವ ಉಪಯೋಗ ಏನೂ ಉಳಿದಿರಲಿಲ್ಲ. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ವಿವರ.

ಹಿಂದಿನ ಎರಡು ಪತ್ರಗಳನ್ನು ನಿಮಗೊಬ್ಬರಿಗೇ ಬರೆದಿದ್ದೆ. ಮೊದಲನೆಯದಕ್ಕೆ "ತಮ್ಮ ಪತ್ರ ತಲುಪಿದೆ" ಎಂದು ಉತ್ತರ ಬಂತು. ಅಂಚೆ ಇಲಾಖೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ತಿಳಿದು ಸಂತೋಷವಾಯಿತು. ಎರಡನೆಯದಕ್ಕೆ ಮೂರು ವಾಕ್ಯದ ಉತ್ತರ ಬಂತು. ಆ ಮೂರು ವಾಕ್ಯಗಳನ್ನು ಆರು ತಿಂಗಳಿಂದ ಓದುತ್ತಿದ್ದೇನೆ. ಈ ಮೂರನೇ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೆ ಆ ಮೂರು ವಾಕ್ಯಗಳೇ ಕಾರಣ. ನಿಮ್ಮ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಬರೆಯುವುದಿಲ್ಲ. ಅದು ನಿಮ್ಮ ಕಟ್ಟಡದ ನೆತ್ತಿಯ ಮೇಲೆ ಸಾಕಷ್ಟು ದೊಡ್ಡದಾಗಿದೆ, ದೀಪವೂ ಇದೆ.

ನಾನು ಯಾರು ಎಂದು ಹೇಳಬೇಕು. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಹತ್ತಿರ ನಮ್ಮ ಊರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ಮದುವೆಯಾಗಿ ಬಂದಾಗಿನಿಂದ ನಾನೂ ನನ್ನ ಗಂಡ ಮುನಿನಾರಾಯಣಪ್ಪನವರೂ ರೇಷ್ಮೆ ಹುಳು ಸಾಕಿದೆವು, ಮೂವತ್ತೊಂದು ವರ್ಷ. ಮೊದಲ ವರ್ಷದಿಂದಲೂ ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆಯುತ್ತೇನೆ. ಹುಳು ಯಾವತ್ತು ಜ್ವರಕ್ಕೆ ಕೂತವು (ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ), ಯಾವತ್ತು ಎದ್ದವು, ಗಾಳಿ ಹೇಗಿತ್ತು, ಯಾರು ಮನೆಗೆ ಬಂದರು. ಅಳು ಬಂದದ್ದು, ಜಗಳ ಆದದ್ದು ಅದರಲ್ಲಿ ಕಡಿಮೆ. ನನಗೆ ಮಾತು ಹೆಚ್ಚು ಬರುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಈ ಪತ್ರದಲ್ಲಿರುವ ತಾರೀಖುಗಳೆಲ್ಲ ಆ ನೋಟ್‌ಬುಕ್ಕಿನವು. ನಿಮ್ಮ ಕಡತದಲ್ಲಿ ಬೇರೆ ತಾರೀಖು ಇದ್ದರೆ ತಿಳಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ.

ನನ್ನ ಗಂಡ ಬೀಡಿ ಸೇದಿದವರಲ್ಲ. ೨೦೨೨ರ ಬೇಸಿಗೆಯಲ್ಲಿ ಕೈಗೆ ಪೆಟ್ಟಾಗಿ ಎಕ್ಸ್‌ರೇ ತೆಗೆಸಿದಾಗ ಎದೆಯಲ್ಲಿ ಒಂದು ಮಚ್ಚೆ ಕಂಡಿತು. ಅಲ್ಲಿಂದ ನಿಮ್ಮಲ್ಲಿಗೆ ಬಂದೆವು. "ತುಂಬಾ ಚಿಕ್ಕದು, ಅದೃಷ್ಟ ಮಾಡಿದ್ರಿ" ಎಂದರು ನಿಮ್ಮ ಡಾಕ್ಟರು. ಜುಲೈನಲ್ಲಿ ಆಪರೇಷನ್ ಆಯಿತು. ಎಡ ಶ್ವಾಸಕೋಶದ ಒಂದು ಚಿಕ್ಕ ತುಂಡನ್ನು ಮಾತ್ರ ತೆಗೆದರು. ಹತ್ತು ದಿನ ಬಿಟ್ಟು ವರದಿ ತೆಗೆದುಕೊಂಡು ಬನ್ನಿ ಎಂದರು.

ಇಲ್ಲಿ ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ವರದಿ ಅಂಟಿಸಿದ ಲಕೋಟೆಯಲ್ಲಿತ್ತು, ಮೇಲೆ ಡಾಕ್ಟರ ಹೆಸರಿತ್ತು. ಅದನ್ನು ಒಂದು ಶುಕ್ರವಾರ ನಮ್ಮ ಕೈಗೆ ಕೊಟ್ಟರು, ಡಾಕ್ಟರು ಸಿಗುವುದು ಸೋಮವಾರ. ಮೂರು ರಾತ್ರಿ, ಎರಡು ಹಗಲು ಆ ಲಕೋಟೆ ನಮ್ಮ ಮನೆಯಲ್ಲಿತ್ತು. ನಾವು ತೆರೆಯಲಿಲ್ಲ. ಇನ್ನೊಬ್ಬರ ಹೆಸರಿನ ಕಾಗದವನ್ನು ಒಡೆಯಬಾರದು ಎಂದು ನಮಗೆ ಕಲಿಸಿದ್ದಾರೆ. ಅದರಲ್ಲೂ ಡಾಕ್ಟರ ಕಾಗದ. ಅದನ್ನು ದೇವರ ಗೂಡಿನಲ್ಲಿ ಇಟ್ಟು, ಬೆಳೆಯ ಮೊದಲ ರೇಷ್ಮೆಗೂಡಿನ ಮೂಟೆಗೆ ಇಡುವ ಹಾಗೆ ಮೂಲೆಗೆ ಕುಂಕುಮ ಇಟ್ಟು, ಭಾನುವಾರ ದೀಪ ಹಚ್ಚಿ ಕೈ ಮುಗಿದೆ. ಒಳಗಿದ್ದ ಅಕ್ಷರಗಳು ಅಷ್ಟರಲ್ಲಾಗಲೇ ಅಚ್ಚಾಗಿದ್ದವು. ಕೈ ಮುಗಿದರೆ ಅವು ಬದಲಾಗುತ್ತವೆ ಎಂದು ನಾನು ನಂಬಿದ್ದೆನೋ ಏನೋ, ಈಗ ನೆನೆದರೆ ನಾಚಿಕೆಯಾಗುತ್ತದೆ. ಶ್ರೀನಿವಾಸಪುರದಲ್ಲಿರುವ ನನ್ನ ಮಗಳು ರಂಜಿತ ಫೋನಿನಲ್ಲಿ "ತೆಗೆದು ಫೋಟೋ ಹೊಡೆದು ಕಳ್ಸಮ್ಮಾ, ನಾನ್ ಓದ್ತೀನಿ" ಎಂದಳು. ಇಂಗ್ಲಿಷ್ ಬಲ್ಲವಳು. ನಾನೇ ಬೈದೆ. "ಡಾಕ್ಟ್ರು ಏನಂದ್ಕೋತಾರೆ ಕಣೇ?"

ಡಾಕ್ಟರು ಏನೂ ಅಂದುಕೊಳ್ಳಲಿಲ್ಲ. ಕುಂಕುಮ ನೋಡಿ ನಕ್ಕರು. "ಏನಮ್ಮಾ, ರಿಪೋರ್ಟ್‌ಗೂ ಪೂಜೆ ಮಾಡಿದೀರಾ?" ಎಂದರು. ನನ್ನ ಗಂಡ ಹೊರಗೆ ಬೆಂಚಿನ ಮೇಲಿದ್ದರು. ನಾನು ಇನ್ನೊಂದು ತಪ್ಪು ಮಾಡಿದೆ. "ಏನಿದ್ರೂ ಅವ್ರ ಮುಂದೆ ಹೇಳ್ಬೇಡಿ ಸಾರ್, ನಂಗ್ ಹೇಳಿ" ಎಂದೆ. ನಮ್ಮ ಕಡೆ ರೋಗಿಯ ಮುಂದೆ ಆ ರೋಗದ ಹೆಸರು ಎತ್ತುವುದಿಲ್ಲ, ಹಾಗೆ ಮುಚ್ಚಿಡುವುದೇ ಪ್ರೀತಿ ಎಂದುಕೊಂಡಿದ್ದೇವೆ. ಡಾಕ್ಟರು ತಲೆಯಾಡಿಸಿ ಲಕೋಟೆ ಒಡೆದರು. ಮೊದಲ ಪುಟ ನೋಡಿದರು. ಎರಡನೇ ಪುಟ ತಿರುಗಿಸಿದರು. ಬೆರಳನ್ನು ಕೆಳಗಿನ ಸಾಲುಗಳ ಮೇಲೆ ಆಡಿಸಿದರು. ನಾನು ಆ ಬೆರಳನ್ನೇ ನೋಡುತ್ತಿದ್ದೆ, ಒಂದು ಕಡೆ ಅದು ನಿಂತಿತು. ಆಮೇಲೆ ಕಾಗದ ಮಡಚಿ, "ಎಲ್ಲಾ ತೆಗೆದಿದೀವಿ ಅಮ್ಮಾ. ಅಂಚು ಕ್ಲೀನ್ ಇದೆ. ವರ್ಷಕ್ಕೊಂದ್ಸಲ ಬಂದು ತೋರಿಸಿ" ಎಂದರು. ನಾನು ಕಾಲಿಗೆ ಬೀಳಲು ಹೋದೆ. ಅವರು ಬೇಡ ಎಂದು ಕಾಲು ಹಿಂದಕ್ಕೆ ಎಳೆದುಕೊಂಡರು. ಅವತ್ತು ಅದನ್ನು ವಿನಯ ಎಂದುಕೊಂಡೆ.

ಹೊರಗೆ ಬಂದಾಗ ನನ್ನ ಗಂಡ ಒಂದೇ ಪ್ರಶ್ನೆ ಕೇಳಿದರು. ಅದು ಎಲ್ಲಿಂದ ಬಂದ ಪ್ರಶ್ನೆ ಎಂದು ನಿಮಗೆ ಗೊತ್ತಾಗಬೇಕಾದರೆ ಒಂದು ನಿಮಿಷ ನಮ್ಮ ಹುಳು ಮನೆಗೆ ಬರಬೇಕು.

ಹುಳುವಿಗೆ ಸುಣ್ಣಕಟ್ಟು ಎಂಬ ಒಂದು ರೋಗ ಬರುತ್ತದೆ. ಹುಳು ಸತ್ತು, ಗಟ್ಟಿಯಾಗಿ, ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗಾಗುತ್ತದೆ. ಅದರ ಮೈಮೇಲಿನ ಹಿಟ್ಟು ಗಾಳಿಯಲ್ಲಿ ಹಾರಿ ಇನ್ನೊಂದರ ಮೇಲೆ ಕೂರುತ್ತದೆ. ಬೆಳಿಗ್ಗೆ ಹುಳು ಸಾಕುವ ಅಟ್ಟಣೆ ನೋಡುವಾಗ ಇಂಥ ಹುಳು ಕಂಡರೆ, ಎಷ್ಟು ಸತ್ತಿವೆ ಎಂದು ನಾವು ಮೊದಲು ಎಣಿಸುವುದಿಲ್ಲ, ಎಲ್ಲೆಲ್ಲಿ ಸತ್ತಿವೆ ಎಂದು ನೋಡುತ್ತೇವೆ. ಒಂದೇ ಮೂಲೆಯಲ್ಲಿ ಇಪ್ಪತ್ತು ಸತ್ತಿದ್ದರೂ ಹೆದರಿಕೆಯಿಲ್ಲ. ಆ ಮೂಲೆಯನ್ನು ಸುತ್ತಲಿನ ಸೊಪ್ಪಿನ ಸಮೇತ ಅಗಲವಾಗಿ ತೆಗೆದು, ಸುಟ್ಟು, ಸುಣ್ಣದ ಪುಡಿ ಹಾಕಿದರೆ ಬೆಳೆ ಉಳಿಯುತ್ತದೆ. ಅಲ್ಲೊಂದು, ಇಲ್ಲೊಂದು, ಆ ಕೊನೆಯಲ್ಲೊಂದು ಎಂದು ಮೂರೇ ಮೂರು ಬಿದ್ದಿದ್ದರೆ ಅದು ಬೇರೆ ಮಾತು. ಅದಕ್ಕೆ ಚೆಲ್ಲಿದೆ ಅನ್ನುತ್ತೇವೆ. ಚೆಲ್ಲಿದ್ದರೆ ಕಣ್ಣಿಗೆ ಕಂಡದ್ದನ್ನು ತೆಗೆದರೆ ಸಾಲದು, ಕಾಣದ್ದು ಇನ್ನೆಲ್ಲೆಲ್ಲಿ ಕೂತಿದೆಯೋ ಎಂದು ದಿನಕ್ಕೆರಡು ಸಲ ಹುಡುಕಬೇಕು. ಹರಡಿರುವ ರೀತಿ ನೋಡಿ ಮುಂದಿನ ಹತ್ತು ದಿನ ಹೇಗಿರುತ್ತದೆ ಎಂದು ನಾವು ಹೇಳುತ್ತೇವೆ. ಹೆಚ್ಚು ಕಡಿಮೆ ಹಾಗೆಯೇ ಆಗುತ್ತದೆ.

ಹತ್ತು ವರ್ಷದ ಹಿಂದೆ ಒಂದು ಕಾರ್ತೀಕದಲ್ಲಿ ನಮ್ಮ ಮನೆಗೆ ಅದು ಬಂದಿತ್ತು. ರೇಷ್ಮೆ ಇಲಾಖೆಯ ಕದಿರೇಶ ಎಂಬ ಹುಡುಗನನ್ನು ಕರೆಸಿದೆವು. ಅವನು ಮೂರು ಅಟ್ಟಣೆ ನೋಡಿ ಚಪ್ಪಲಿ ಹಾಕಿಕೊಳ್ಳುವ ಮುಂಚೆಯೇ ಹೇಳಿದ: "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಚೆಲ್ಬಿಟ್ಟೈತೆ. ಈ ಬೆಳೆ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ."

ನನ್ನ ಗಂಡನಿಗೆ ಸಿಟ್ಟು ಬಂತು. "ಲೇ ಕದಿರೇಶ, ನಿನ್ ಬಾಯಿಗೆ ಸುಣ್ಣ ಹಾಕ."

"ಹಾಕಣ್ಣಾ. ಮೊದ್ಲು ಹುಳಕ್ಕೆ ಹಾಕು, ಮಿಕ್ಕಿದ್ರೆ ನನ್ ಬಾಯಿಗೆ."

ಮೂವರೂ ನಕ್ಕೆವು. ಆ ಬೆಳೆಯಲ್ಲಿ ಅರ್ಧ ಹೋಯಿತು, ಅರ್ಧ ಉಳಿಯಿತು. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ಆಗದ ಹುಡುಗ, ಒಂದು ಹುಳುವಿನ ಬಗ್ಗೆ, ಸಾಕಿದವರ ಮುಖ ನೋಡಿ ಆ ಮಾತು ಹೇಳಿದ. ಅವನಿಗೆ ಹೇಳಲು ಕಷ್ಟವಾಗಲಿಲ್ಲವೇ? ಆಗಿತ್ತು, ಅವನ ಮುಖದಲ್ಲೇ ಕಾಣುತ್ತಿತ್ತು. ಮಾನ್ಯರೇ, ನಿಮ್ಮ ಡಾಕ್ಟರ ಗೋಡೆಯ ಮೇಲೆ ಎಷ್ಟು ಪದವಿಗಳ ಚೌಕಟ್ಟುಗಳಿದ್ದವು ಎಂದು ನಾನು ಎಣಿಸಲಿಲ್ಲ. ಕದಿರೇಶನಿಗೆ ಇದ್ದ ಧೈರ್ಯ ಅವುಗಳಲ್ಲಿ ಯಾವುದರಲ್ಲೂ ಬರೆದಿರಲಿಲ್ಲವೇ?

ಈಗ ಆ ಬೆಂಚಿಗೆ ವಾಪಸು ಬರುತ್ತೇನೆ. ನನ್ನ ಗಂಡನಿಂದ ನಾನು ರೋಗದ ಹೆಸರು ಮುಚ್ಚಿಟ್ಟಿದ್ದೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡಿ ಕೇಳಿದರು: "ಏನೇ, ಒಂದ್ ಮೂಲೇಲಿತ್ತಾ, ಇಲ್ಲಾ ಚೆಲ್ಲಿತ್ತಾ?"

"ಒಂದೇ ಮೂಲೆ ಅಂತೆ. ಪೂರ್ತಿ ತೆಗೆದಿದ್ದಾರೆ."

"ಸರಿ ಬಿಡು. ಪೀಡ ಪೋಯಿಂದಿ" ಎಂದರು. ಪೀಡೆ ತೊಲಗಿತು ಎಂದು. ಸಮಾಧಾನವಾದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ಮೆಟ್ಟಿಲು ಇಳಿಯುವಾಗ ನನ್ನ ಕೈಯಿಂದ ಚೀಲ ತೆಗೆದುಕೊಂಡರು, ಎರಡು ವಾರದ ಹಿಂದೆ ಎದೆ ಕೊಯ್ಯಿಸಿಕೊಂಡವರು. ಆ ದಿನ ನನ್ನ ನೋಟ್‌ಬುಕ್ಕಿನಲ್ಲಿ ಇಷ್ಟೇ ಇದೆ: "ಒಂದೇ ಮೂಲೆ. ದೇವರು ದೊಡ್ಡವನು."

ಆ ಉತ್ತರದ ಮೇಲೆ ನಾವು ಹದಿನೈದು ತಿಂಗಳು ಬದುಕಿದೆವು. ಹೇಗೆ ಬದುಕಿದೆವು ಎಂದು ಹೇಳಬೇಕು, ಯಾಕೆಂದರೆ ನಿಮ್ಮ ಉತ್ತರದಲ್ಲಿ ಅದಕ್ಕೆ ಜಾಗವಿಲ್ಲ. ಸೆಪ್ಟೆಂಬರಿನಲ್ಲಿ ಅವರು ಹಳೆಯ ಹಿಪ್ಪುನೇರಳೆ ತೋಟವನ್ನು ಅರ್ಧ ಕಿತ್ತು ಹೊಸ ಕಡ್ಡಿ ನಾಟಿ ಮಾಡಿದರು. "ಹದಿನೈದು ವರ್ಷ ಈ ಕಡೆ ನೋಡೋಂಗಿಲ್ಲ" ಎಂದರು. ಅದಕ್ಕಿಂತ ದೊಡ್ಡ ವಿಷಯ ಅವರ ಅಕ್ಕನದು. ಟೇಕಲ್‌ನಲ್ಲಿ ಅವರಿಗೆ ಒಬ್ಬರೇ ಅಕ್ಕ, ಚಿಕ್ಕವೆಂಕಟಮ್ಮ. ತಾಯಿ ಇಲ್ಲದ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ನಮ್ಮ ರಂಜಿತಳ ಮದುವೆಯಲ್ಲಿ ಮೊದಲ ಅರಿಶಿನ ಹಚ್ಚುವುದು ಸೋದರತ್ತೆಯ ಹಕ್ಕು. ಅವರು ಬರುವ ಬಸ್ಸು ತಡವಾಯಿತು, ಮುಹೂರ್ತ ಮೀರುತ್ತದೆ ಎಂದು ನಾನು ನನ್ನ ತಂಗಿಯ ಕೈಯಲ್ಲಿ ಹಚ್ಚಿಸಿಬಿಟ್ಟೆ. ಚಿಕ್ಕವೆಂಕಟಮ್ಮ ಬಂದು ಮದುಮಗಳ ಕೆನ್ನೆಯ ಮೇಲೆ ಒಣಗಿದ ಅರಿಶಿನ ನೋಡಿ, ಊಟ ಮಾಡದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು. ಅಲ್ಲಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನನ್ನ ಗಂಡ, "ಅಕ್ಕನ ಹತ್ರ ಹೋಗ್ಬರ್ಬೇಕು. ಸೀರೆ ಇಟ್ಟು, ತಪ್ಪಾಯ್ತು ಅಂದ್ರೆ ಮುಗೀತು" ಎಂದರು. ಯಾವಾಗ ಎಂದೆ. "ಆತ್ರ ಏನಿದೆ? ಮಾವಿನ ಕಾಲ ಬರ್ಲಿ. ಶ್ರೀನಿವಾಸಪುರದಿಂದ ಒಂದ್ ಬುಟ್ಟಿ ಬಾದಾಮಿ ತಗೊಂಡೋಗಣ. ಹಣ್ಣು ನೋಡಿದ್ರೆ ಅಕ್ಕ ಕರಗ್ತಾಳೆ."

ಮಾವಿನ ಕಾಲ ಬಂತು, ೨೦೨೩ರದ್ದು. ಆ ವಾರ ಹುಳು ನಾಲ್ಕನೇ ಜ್ವರದಿಂದ ಎದ್ದು ಹಗಲಿಡೀ ಸೊಪ್ಪು ತಿನ್ನುತ್ತಿದ್ದವು, ಬಿಟ್ಟು ಹೋಗುವಂತಿರಲಿಲ್ಲ. "ಬರೋ ವರ್ಷದ ಮಾವಿಗೆ ಹೋಗಣ ಬಿಡು" ಎಂದರು. ಹೋಗಲಿ ಬಿಡಿ ಎಂದೆ ನಾನೂ. ನಮಗೆ ವರ್ಷಗಳು ಇದ್ದವಲ್ಲ.

ಕೆಮ್ಮು ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ ಮಾರ್ಚಿನಿಂದಲೇ ಇದೆ. "ಮೂರು ಸಲ ಕೆಮ್ಮು. ಸುಣ್ಣದ ಧೂಳು." "ಇವತ್ತೂ ಕೆಮ್ಮು. ಬ್ಲೀಚಿಂಗ್ ಪುಡಿಯ ಗಾಟು." ಪ್ರತಿ ಸಲವೂ ಕಾರಣವನ್ನು ನಾನೇ ಬರೆದಿದ್ದೇನೆ ನೋಡಿ, ಎಷ್ಟು ಧೈರ್ಯವಾಗಿ. ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದಾಗ "ನಿಮ್ಮ ಅಪಾಯಿಂಟ್‌ಮೆಂಟ್ ಆಗಸ್ಟ್‌ನಲ್ಲಿದೆ" ಎಂದರು. ಆಗಸ್ಟ್‌ನಲ್ಲಿ ಹೋದೆವು. ಎಕ್ಸ್‌ರೇ ತೆಗೆದು "ಚೆನ್ನಾಗಿದೆ" ಎಂದರು. ನವೆಂಬರಿನಲ್ಲಿ ಬೆನ್ನು ನೋವು ಶುರುವಾಗಿ ರಾಗಿ ಹೊಲದಲ್ಲಿ ಕೂತವರು ಏಳಲಾಗದೆ ಹೋದರು. ಹತ್ತಿರವೆಂದು ಕೋಲಾರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಎರಡೂ ಶ್ವಾಸಕೋಶ, ಬೆನ್ನುಮೂಳೆ, ಯಕೃತ್ತು.

ಗಂಡನನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಆ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ನಿಮ್ಮ ಡಾಕ್ಟರು ವಾಪಸು ಕೊಟ್ಟಿದ್ದ, ನಾವು ಮತ್ತೆ ಬಿಚ್ಚಿ ನೋಡದ ಹಳೆಯ ಕಡತವನ್ನು ಒಂದೊಂದೇ ಹಾಳೆ ಓದಿದರು. ಲಕೋಟೆಯ ಕುಂಕುಮ ಅಂಟಿದ ಪುಟಕ್ಕೆ ಬಂದಾಗ ಅವರ ಬೆರಳೂ ನಿಂತಿತು. ಕೆಳಗಿನಿಂದ ಮೂರನೇ ಸಾಲು.

"ಇದನ್ನ ನಿಮಗೆ ಹೇಳಿದ್ರಾ ಅಮ್ಮಾ?"

"ಯಾವುದನ್ನ?"

 ಅವರು ಔಷಧ ಚೀಟಿಯ ಹಿಂದೆ ಚಿತ್ರ ಬರೆದರು. "ಇಡ್ಲಿ ಮುರಿದ್ರೆ ಒಳಗೆ ಸಣ್ಣ ಸಣ್ಣ ತೂತು ಕಾಣುತ್ತಲ್ಲಾ, ಶ್ವಾಸಕೋಶ ಹಂಗೇ. ಗೆಡ್ಡೆ ಇಲ್ಲಿತ್ತು ಅಂದ್ಕೊಳ್ಳಿ. ಅಂಚು ದಾಟಿ, ಈ ತೂತುಗಳ ಒಳಗೆ, ಬಿಡಿ ಬಿಡಿಯಾಗಿ ಜೀವಕೋಶ ಇವೆ ಅಂತ ಬರ್ದಿದ್ದಾರೆ. ಗೆಡ್ಡೆ ಚಿಕ್ಕದಾಗಿದ್ರೂ ಇದು ಇದ್ರೆ ಮತ್ತೆ ಬರೋ ಸಾಧ್ಯತೆ ಜಾಸ್ತಿ. ಒಂದು ತುಂಡು ಮಾತ್ರ ತೆಗ್ದಿರೋರಲ್ಲಿ ಇನ್ನೂ ಜಾಸ್ತಿ."

ಮಾನ್ಯರೇ, ಅವರು ಪೆನ್ನಿನಿಂದ ಚುಕ್ಕೆ ಇಡುತ್ತಿದ್ದರು. ಗೆಡ್ಡೆ ಎಂದು ಬರೆದ ವೃತ್ತದ ಹೊರಗೆ ಅಲ್ಲೊಂದು, ಇಲ್ಲೊಂದು, ಈ ಕೊನೆಯಲ್ಲೊಂದು. ಅವರು ಮಾತು ಮುಗಿಸುವ ಮುಂಚೆಯೇ ನನಗೆ ಗೊತ್ತಾಯಿತು. ಮೂವತ್ತೊಂದು ವರ್ಷ ಅದನ್ನೇ ನೋಡುತ್ತ ಬಂದವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. "ಚೆಲ್ಲಿತ್ತು" ಎಂದೆ. ಅವರು ಹೌದೆಂದು ತಲೆಯಾಡಿಸಿದರು.

ಮುಂಚೆಯೇ ಹೇಳಿದ್ದರೆ ಉಳಿಯುತ್ತಿದ್ದರಾ ಎಂದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅಮ್ಮಾ. ಈ ಗುರುತು ಇದ್ದೂ ಹತ್ತು ವರ್ಷ ಚೆನ್ನಾಗಿರೋರು ಇದಾರೆ. ಆದ್ರೆ ವರದಿ ಬಂದ್ಮೇಲೆ ಕೂತು ಮಾತಾಡ್ಬೇಕಿತ್ತು. ಇನ್ನೊಂದು ಆಪರೇಷನ್ ಬೇಕಾ, ಔಷಧಿ ಬೇಕಾ ಅಂತ. ವರ್ಷಕ್ಕೊಂದು ಎಕ್ಸ್‌ರೇ ಸಾಲ್ದು, ಕೆಲವು ತಿಂಗಳಿಗೊಂದು ಸ್ಕ್ಯಾನ್ ಮಾಡ್ತಿದ್ರೆ, ಒಂದೆರಡು ಕಡೆ ಮಾತ್ರ ಇದ್ದಾಗ ಸಿಕ್ಕಿದ್ರೆ, ಅಷ್ಟಕ್ಕೇ ವಿಕಿರಣ ಕೊಡ್ಬಹುದಿತ್ತು. ಇಷ್ಟು ಕಡೆ ಆದ್ಮೇಲೆ ಕಷ್ಟ."

ಆದ್ದರಿಂದ ನಾನು ನಿಮ್ಮ ಮೇಲೆ ಕೊಲೆಯ ಮಾತು ಆಡುತ್ತಿಲ್ಲ. ಅವರು ಉಳಿಯುತ್ತಿದ್ದರು ಎಂದು ನಾನು ಎಲ್ಲಿಯೂ ಹೇಳಿಲ್ಲ, ಹೇಳುವುದೂ ಇಲ್ಲ. ನೀವು ನಮ್ಮಿಂದ ತೆಗೆದುಕೊಂಡದ್ದು ಬೇರೆ. ಆತುರಪಡುವ ಹಕ್ಕು ನಮಗಿತ್ತು, ಅದನ್ನು ತೆಗೆದುಕೊಂಡಿರಿ. ಕೆಮ್ಮಿದ ಮೊದಲ ದಿನವೇ ಆತುರದಿಂದ ಓಡಿ ಬರುವ ಹಕ್ಕು. ಮಾವಿನ ಕಾಲಕ್ಕೆ ಕಾಯದೆ ಮಾರನೆಯ ದಿನವೇ ಟೇಕಲ್‌ನ ರೈಲು ಹತ್ತುವ ಹಕ್ಕು. ಅದು ನಿಮ್ಮ ಡಾಕ್ಟರ ಬೆರಳಿನ ಕೆಳಗೆ ಇತ್ತು, ಅವರು ಅದನ್ನು ಮಡಚಿ ಲಕೋಟೆಗೆ ಹಾಕಿದರು.

ಇನ್ನು ನಿಮ್ಮ ಮೂರು ವಾಕ್ಯಗಳು. "ವರದಿಯನ್ನು ಸದರಿ ದಿನಾಂಕದಂದು ಕುಟುಂಬಕ್ಕೆ ಹಸ್ತಾಂತರಿಸಲಾಗಿದೆ." ನಿಜ. ಅಂಟಿಸಿ, ಬೇರೆಯವರ ಹೆಸರು ಬರೆದು, ಇಂಗ್ಲಿಷಿನಲ್ಲಿ. ನಮಗೆ ಕೊಟ್ಟಿರಿ, ನಾವು ಹೊತ್ತುಕೊಂಡು ಬಂದು ನಿಮಗೇ ಕೊಟ್ಟೆವು. ಅದಕ್ಕೆ ಹಸ್ತಾಂತರ ಎಂಬ ಪದ ಸರಿಯಾಗಿಯೇ ಇದೆ, ಕೈಯಿಂದ ಕೈಗೆ ಹೋಯಿತೇ ಹೊರತು ಕಣ್ಣಿಗೆ ಹೋಗಲಿಲ್ಲ. "ಕುಟುಂಬದವರ ಕೋರಿಕೆಯ ಮೇರೆಗೆ ವಿವರಗಳನ್ನು ಚರ್ಚಿಸಿರುವುದಿಲ್ಲ." ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಅವರಿಗೆ ಹೇಳಬೇಡಿ, ನನಗೆ ಹೇಳಿ ಎಂದು ನಾನು ಬೇಡಿಕೊಂಡ ಮಾತಿನಲ್ಲಿ ಅರ್ಧ ಮುರಿದು ನೀವು ಇಟ್ಟುಕೊಂಡಿರಿ. ಉಳಿದ ಅರ್ಧ ಎಲ್ಲಿ ಹೋಯಿತು? ನನ್ನ ಪ್ರೀತಿಯನ್ನು ನಿಮ್ಮ ಕಡತದಲ್ಲಿ ನಿಮಗೆ ರಕ್ಷಣೆಯಾಗಿ ಇಟ್ಟುಕೊಳ್ಳಲು ನಾನು ಯಾವಾಗ ಸಹಿ ಹಾಕಿದೆ? "ಸದರಿ ಅಂಶದ ಮಹತ್ವದ ಬಗ್ಗೆ ತಜ್ಞರಲ್ಲಿ ಒಮ್ಮತವಿರುವುದಿಲ್ಲ." ಇರಬಹುದು. ಕೋಲಾರದ ಡಾಕ್ಟರಮ್ಮನೂ ಹೇಳಿದರು, ಕತ್ತರಿಸುವಾಗ ಚಾಕುವಿನಿಂದಲೂ ಹಾಗೆ ಚದುರಿರಬಹುದು ಎನ್ನುವವರು ಇದ್ದಾರೆ ಎಂದು. ನಮ್ಮಲ್ಲಿಯೂ ಒಮ್ಮತವಿಲ್ಲ. ಮೂರು ಹುಳು ಕಂಡರೆ ಬೆಳೆ ಹೋಯಿತು ಎನ್ನುವವರಿದ್ದಾರೆ, ಬಿಸಿಲು ಬಂದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಆದರೆ ಸಾಕಿದವರಿಗೆ ಹೇಳಬೇಕೋ ಬೇಡವೋ ಎಂಬುದರಲ್ಲಿ ನಮ್ಮೂರಿನಲ್ಲಿ ಇಬ್ಬರಿಗೆ ಎರಡು ಅಭಿಪ್ರಾಯ ಇದ್ದದ್ದನ್ನು ನಾನು ನೋಡಿಲ್ಲ. ನಿಮಗೆ ಒಮ್ಮತ ಬರುವವರೆಗೆ ಕಾಯಲು ನನ್ನ ಗಂಡನಿಗೆ ಯಾರು ರಜೆ ಕೊಡುತ್ತಿದ್ದರು?

ಕೋಲಾರದಿಂದ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಪಕ್ಕ ಕೂತಿದ್ದರು. ದೇವರಾಯಸಮುದ್ರದ ಕೆರೆ ಕಾಣುವಷ್ಟು ಹತ್ತಿರ ಬಂದಾಗ ಮತ್ತೆ ಕೇಳಿದರು, ಅದೇ ಪ್ರಶ್ನೆ: "ಒಂದ್ ಮೂಲೇನಾ, ಚೆಲ್ಲಿದ್ಯಾ?"

ನಾನು "ಒಂದೇ ಮೂಲೆ" ಎಂದೆ.

"ಅಂಗಾದ್ರೆ ಸರಿ" ಎಂದು ಕೆರೆ ನೋಡಿದರು.

ಈ ಎರಡನೇ ಸಲದ ಸುಳ್ಳು ನನ್ನದು. ಅದನ್ನು ನಾನೇ ಹೊರುತ್ತೇನೆ, ನಿಮ್ಮ ಮೇಲೆ ಹಾಕುವುದಿಲ್ಲ. ಮೊದಲನೇ ಸಲದ್ದು ನಿಮ್ಮದು, ನನ್ನ ಬಾಯಲ್ಲಿ ಹೇಳಿಸಿದಿರಿ ಅಷ್ಟೇ. ಮಾರನೆಯ ದಿನ ಮರಿ ಹುಳು ಕೊಡುವ ಚಾಕಿ ಮನೆಯವರು ಫೋನ್ ಮಾಡಿ, "ಅಮ್ಮಾ, ಯಜಮಾನ್ರು ಮುಂದಿನ್ ಚಾಕಿ ಬೇಡ ಅಂದ್ರು, ಆಮೇಲಿಂದೂ ಬೇಡ ಅಂದ್ರು. ಏನ್ ಸಮಾಚಾರ?" ಎಂದರು. ಮೂವತ್ತೊಂದು ವರ್ಷದಲ್ಲಿ ನನ್ನ ಗಂಡ ಮುಂದಿನ ಬೆಳೆ ಬೇಡ ಎಂದದ್ದು ಅದೇ ಮೊದಲು. ಅವರಿಗೆ ನನ್ನ ಉತ್ತರ ಬೇಕಿರಲಿಲ್ಲ, ನನ್ನ ಮುಖ ನೋಡಿಯೇ ಓದಿಕೊಂಡಿದ್ದರು. ಆ ಮೊದಲ ಸಲ, ನಿಮ್ಮ ಬೆಂಚಿನ ಮೇಲೆ ಕೂತು ನೋಡಿದಾಗಲೂ ನನ್ನ ಮುಖವನ್ನೇ ಓದಿದ್ದರು. ಆಗ ಅದು ಸಂತೋಷದ ಮುಖ. ನಿಮ್ಮನ್ನು ನಂಬಿದ ಮುಖ.

ಆಮೇಲೆ ಟೇಕಲ್‌ಗೆ ಹೋಗಬೇಕು ಎಂದು ತಾವೇ ಕೇಳಿದರು. ಬೆನ್ನುಮೂಳೆ ಬಸ್ಸನ್ನೂ ಕಾರನ್ನೂ ತಡೆಯಲಿಲ್ಲ. ಅಕ್ಕನಿಗೆ ಹೇಳಿ ಕಳುಹಿಸೋಣ ಎಂದರೆ ಬೇಡ ಎಂದರು, "ನಾನ್ ಹೋಗ್ಬೇಕು, ಅವಳ್ ಬರೋದಲ್ಲ." ನಾನು ಹೂಂಗುಟ್ಟುತ್ತ ಕೂತೆ. ೨೦೨೪ರ ಯುಗಾದಿ ಕಳೆದ ಮೇಲೆ ಮಗಳು ನಮ್ಮನ್ನು ಕೇಳದೆ ಸೋದರತ್ತೆಗೆ ಫೋನ್ ಮಾಡಿದಳು. ಚಿಕ್ಕವೆಂಕಟಮ್ಮ ಅವತ್ತೇ ಬಂದರು. ನೋವಿನ ಔಷಧಿಯ ಮಂಪರಿನಲ್ಲಿದ್ದ ತಮ್ಮ ಕಣ್ಣು ಬಿಟ್ಟು ನೋಡಿ, "ಯಾರಮ್ಮಾ ನೀವು? ಸೊಪ್ಪಿಗೆ ಬಂದ್ರಾ?" ಎಂದರು. ಅಕ್ಕ ಎರಡು ದಿನ ಕಾಲ ಹತ್ತಿರ ಕೂತಿದ್ದರು. ತಮ್ಮನಿಗೆ ಅವರ ಗುರುತು ಸಿಗಲೇ ಇಲ್ಲ. ಮೂರನೇ ದಿನ ಬೆಳಿಗ್ಗೆ ನನ್ನ ಗಂಡ ತೀರಿಕೊಂಡರು.

ಹನ್ನೊಂದನೇ ದಿನ, ಎಲ್ಲರ ಮುಂದೆ ಚಿಕ್ಕವೆಂಕಟಮ್ಮ ನನ್ನನ್ನು ಕೇಳಿದರು: "ಎರಡು ವರ್ಷದಿಂದ ಈ ರೋಗ ಐತೆ. ನಂಗೊಂದ್ ಮಾತು ಯಾಕ್ ಹೇಳ್ಲಿಲ್ಲ?"

"ವಾಸಿಯಾಯ್ತು ಅಂದಿದ್ರು ಅಕ್ಕಾ. ಹರಡಿದೆ ಅಂತ ನಂಗೂ ಗೊತ್ತಿರ್ಲಿಲ್ಲ."

"ಕಾಗ್ದ ನಿನ್ ಮನೇಲೇ ಇತ್ತಂತೆ. ಕುಂಕ್ಮ ಇಟ್ಟು ಪೂಜೆ ಮಾಡ್ದ್ಯಂತೆ. ಮನೇಲಿದ್ದೋಳಿಗೆ ಗೊತ್ತಿಲ್ಲಾಂದ್ರೆ ಯಾರ್ ನಂಬ್ತಾರೆ? ನನ್ ತಮ್ಮ ನನ್ ಹತ್ರ ಬರೋದು ನಿಂಗಿಷ್ಟ ಇರ್ಲಿಲ್ಲ ಅನ್ನು, ಒಪ್ಕೋತೀನಿ. ಗೊತ್ತಿರ್ಲಿಲ್ಲ ಅನ್ಬೇಡ."

ಅವರು ಈಗಲೂ ನಂಬಿಲ್ಲ. ಮೊದಲು ಅರಿಶಿನ ಕಿತ್ತುಕೊಂಡವಳು, ಆಮೇಲೆ ತಮ್ಮನನ್ನು ಕಿತ್ತುಕೊಂಡಳು ಎಂದು ಟೇಕಲ್‌ನಲ್ಲಿ ಹೇಳುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ನಾನಾದರೂ ನಂಬುತ್ತಿರಲಿಲ್ಲ. ನಿಮ್ಮ ಉತ್ತರ ಬಂದಾಗ ಅದನ್ನೇ ಸಾಕ್ಷಿ ಎಂದು ಕಳುಹಿಸೋಣ ಎಂದುಕೊಂಡು ಲಕೋಟೆ ಒಡೆದೆ, ಈ ಸಲ ಕುಂಕುಮ ಇಡದೆ. ಒಳಗೆ "ಕುಟುಂಬಕ್ಕೆ ಹಸ್ತಾಂತರಿಸಲಾಗಿದೆ, ಕುಟುಂಬದ ಕೋರಿಕೆಯ ಮೇರೆಗೆ" ಎಂದಿತ್ತು. ಚಿಕ್ಕವೆಂಕಟಮ್ಮ ಹೇಳಿದ್ದನ್ನೇ ನೀವು ಮೊಹರು ಹಾಕಿ ಬರೆದು ಕೊಟ್ಟಿದ್ದೀರಿ. ಸತ್ತವರಿಗೆ ಮೋಸ ಮಾಡಿದ್ದು ಸಾಲದೆಂದು ಉಳಿದವಳನ್ನು ಸುಳ್ಳಿಯನ್ನಾಗಿಯೂ ಮಾಡಬೇಕಿತ್ತೇ?

ನನಗೆ ಪರಿಹಾರ ಬೇಡ. ಯಾರನ್ನೂ ಕೆಲಸದಿಂದ ತೆಗೆಯುವುದೂ ಬೇಡ, ಆ ಡಾಕ್ಟರ ಕೈ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾಳೆಯಿಂದ ನಿಮ್ಮಲ್ಲಿ ಇಂಥ ವರದಿ ಬಂದರೆ, ರೋಗ ಯಾವ ರೀತಿ ಹರಡಿದೆ, ಅದರಿಂದ ಮುಂದೆ ಏನಾಗಬಹುದು ಎಂಬ ಸಾಲನ್ನು ಕನ್ನಡದಲ್ಲಿ ಓದಿ ಹೇಳಿ. ಮೊದಲು ರೋಗಿಗೇ, ನಿಮಗೆ ತಿಳಿಯಬೇಕೇ ಎಂದು ಕೇಳಿ. ಹೆಂಡತಿ ಬೇಡವೆಂದರೂ ಅವರನ್ನೇ ಕೇಳಿ. ನನ್ನಂಥವಳ ಮಾತು ಕೇಳಬೇಡಿ. ನಮಗೆ ಅರ್ಥವಾಗುವುದಿಲ್ಲ ಎಂಬ ಚಿಂತೆ ನಿಮಗೆ ಬೇಡ, ಆ ಪಾಠವನ್ನು ನಾವು ಅಟ್ಟಣೆಯ ಮುಂದೆ ನಿಂತು ಕಲಿತಿದ್ದೇವೆ.

ನನಗಾಗಿ ಕೇಳುವುದು ಒಂದೇ ಸಾಲು. "ಈ ಅಂಶವನ್ನು ನಾವು ಮುನಿನಾರಾಯಣಪ್ಪನವರ ಪತ್ನಿಗೆ ತಿಳಿಸಿರಲಿಲ್ಲ" ಎಂದು ನಿಮ್ಮ ಕಾಗದದಲ್ಲಿ, ಕನ್ನಡದಲ್ಲಿ, ನಿಮ್ಮ ಸಹಿ ಹಾಕಿ ಬರೆದು ಕೊಡಿ. ಕ್ಷಮೆ ಬೇಡ, ವಿಷಾದ ಬೇಡ, "ಸದರಿ" ಬೇಡ. ನಡೆದದ್ದನ್ನು ನಡೆಯಿತು ಎಂದು ಬರೆದರೆ ಸಾಕು. ಅದನ್ನು ಕೈಯಲ್ಲಿ ಹಿಡಿದು ನಾನು ಟೇಕಲ್‌ಗೆ ಹೋಗಬೇಕು. ಅಕ್ಕನಿಗೆ ಇಡಬೇಕಿದ್ದ ಸೀರೆ ಬೀರುವಿನಲ್ಲಿದೆ, ನನ್ನ ಗಂಡನೇ ಆರಿಸಿದ್ದು. ಇದು ೨೦೨೫ರ ಜೂನ್ ತಿಂಗಳು, ಶ್ರೀನಿವಾಸಪುರದ ಮಂಡಿಯಲ್ಲಿ ಹಣ್ಣು ಇನ್ನು ಹೆಚ್ಚು ದಿನ ಇರುವುದಿಲ್ಲ, ಚಿಕ್ಕವೆಂಕಟಮ್ಮನಿಗೆ ಎಪ್ಪತ್ತಾರು ವರ್ಷ. ಬರೋ ವರ್ಷದ ಮಾವಿಗೆ ಹೋಗೋಣ ಎಂದು ನಾನು ಇನ್ನೊಂದು ಸಲ ಹೇಳುವುದಿಲ್ಲ.

ಇಂತಿ,
ಓದದೆ ಕುಂಕುಮವಿಟ್ಟವಳು, ಒಂದೇ ಮೂಲೆ ಎಂದು ಎರಡು ಸಲ ಹೇಳಿದವಳು,
ವೆಂಕಟಲಕ್ಷ್ಮಿ
ದೇವರಾಯಸಮುದ್ರದ ಹತ್ತಿರ, ಮುಳಬಾಗಿಲು ತಾಲ್ಲೂಕು